ಸೋತ ಪಕ್ಷದ ಪಾಠ

ಆ ದಿನ ಏನೇನು ಕೆಡಬಹುದಿತ್ತು ಎಂಬುದನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಮರಳುಗಾಳಿ ಎದ್ದು ಶಾಲೆಗೆ ರಜೆ ಕೊಡಬಹುದಿತ್ತು. ರಜೆ ಕೊಡದಿದ್ದರೆ ನಮ್ಮ ಬಸ್ಸು ಎಕ್ಸಿಟ್ ತಪ್ಪಿ, ರಿಯಾದಿನ ರಿಂಗ್ ರೋಡಿನಲ್ಲಿ ಪೂರ್ತಿ ಒಂದು ಪ್ರದಕ್ಷಿಣೆ ಹಾಕಬಹುದಿತ್ತು. ಶಾಲೆಯ ಮುದೀರಾ, ಅಂದರೆ ನಮ್ಮ ನಿರ್ದೇಶಕಿ, ಬೆಳಗಿನ ಕಾಫಿ ಮುಗಿಸುವಷ್ಟರಲ್ಲಿ ಮನಸ್ಸು ಬದಲಿಸಿ ಓಟೂ ಬೇಡ ಗೀಟೂ ಬೇಡ ಎನ್ನಬಹುದಿತ್ತು. ಸ್ಟಾಫ್ ರೂಮಿನಲ್ಲಿ ಹೆಂಗಸರು ಸೇರಿ ಯೂನಿಯನ್ ಕಟ್ಟುತ್ತಿದ್ದಾರೆ ಎಂದು ಯಾರಾದರೂ ಎಲ್ಲಿಗಾದರೂ ಫೋನು ಮಾಡಬಹುದಿತ್ತು. ಓಟಿನ ಪೆಟ್ಟಿಗೆಯಾಗಿ ನಾನೇ ತಯಾರಿಸಿದ್ದ ಟಿಶ್ಯೂ ಪೇಪರಿನ ಡಬ್ಬಿಯನ್ನು ಗುಡಿಸುವವರು ಕಸವೆಂದು ಎಸೆಯಬಹುದಿತ್ತು. ಏಸಿ ಗಾಳಿಗೆ ಚೀಟಿಗಳು ಹಾರಿ ಅಲ್ಮೇರಾದ ಅಡಿಗೆ ಹೋಗಬಹುದಿತ್ತು. ಈಜಿಪ್ಟಿನವರೆಲ್ಲ ಒಂದು ಕಡೆ, ಪಾಕಿಸ್ತಾನದವರೆಲ್ಲ ಇನ್ನೊಂದು ಕಡೆ ಆಗಿ, ಆಮೇಲೆ ಒಬ್ಬರು ತಂದ ಖರ್ಜೂರವನ್ನು ಇನ್ನೊಬ್ಬರು ಮುಟ್ಟದೆ ಇರಬಹುದಿತ್ತು. ಜೊತೆಯ ಟೀಚರ್ ಜುಬೇದಕ್ಕನ ಬಿಪಿ ಏರಬಹುದಿತ್ತು. ನನ್ನದು ಏರಬಹುದಿತ್ತು ಎಂದು ಹೇಳುವ ಹಾಗಿಲ್ಲ, ಅದು ಇಳಿದದ್ದೇ ಇಲ್ಲ.

ಇವುಗಳಲ್ಲಿ ಒಂದೂ ಆಗಲಿಲ್ಲ. ಚಿಂತೆ ಮಾಡುವವರ ಹಣೆಬರಹವೇ ಇದು. ಮಾಡಿದ ಚಿಂತೆಯೆಲ್ಲ ದಂಡ. ಮಾಡದೆ ಬಿಟ್ಟದ್ದು ಮಾತ್ರ ಬಂದು ಬಾಗಿಲು ತಟ್ಟುತ್ತದೆ. "ನಿನ್ನ ಟೆನ್ಶನ್ನಿಗೆ ಓವರ್‌ಟೈಮ್ ಕೊಟ್ಟಿದ್ದರೆ ನಾವಿಷ್ಟು ಹೊತ್ತಿಗೆ ಒಂದು ಬಿಲ್ಡಿಂಗ್ ಕಟ್ಟಬಹುದಿತ್ತು" ಎಂದು ನಮ್ಮವರು ಹೇಳುವುದುಂಟು. ಅವರು ಇಲ್ಲಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿದ್ದಾರೆ. ಕೆಲಸ ಬಿಟ್ಟ ಮೇಲೂ ನಾನು ರಿಯಾದಿನಲ್ಲೇ ಉಳಿದಿರುವುದು ಅವರ ಇಕಾಮಾದ, ಅಂದರೆ ವಾಸದ ಪರವಾನಗಿಯ, ಬಾಲ ಹಿಡಿದುಕೊಂಡು. ಮೊದಲು ನನ್ನ ಕಾರ್ಡಿನಲ್ಲಿ ಟೀಚರ್ ಎಂದಿತ್ತು. ಈಗ ಹೆಂಡತಿ ಎಂದಿದೆ.

ನಾನು ಕಲಿಸುತ್ತಿದ್ದದ್ದು ಬ್ರಿಟಿಷ್ ಪಠ್ಯಕ್ರಮದ ಒಂದು ಖಾಸಗಿ ಶಾಲೆಯ ಹುಡುಗಿಯರ ವಿಭಾಗದಲ್ಲಿ, ಇತಿಹಾಸ. ಐವತ್ತೆರಡಕ್ಕೇ ನಿವೃತ್ತಳಾದೆ. ನಿವೃತ್ತಿ ಎಂದರೆ ಹಾರ, ಶಾಲು, ಹಣ್ಣಿನ ಬುಟ್ಟಿ ಎಂದು ಊರಿನವರು ತಿಳಿದುಕೊಳ್ಳುತ್ತಾರೆ. ಇಲ್ಲಿ ಅದು ಒಂದು ಇಮೇಲು. ಉಡುಪಿ, ಕುಂದಾಪುರ, ಮಂಗಳೂರು ಕಡೆಯಿಂದ ಬಿ.ಎಡ್. ಮುಗಿಸಿ ಬರುವ ಹುಡುಗಿಯರು ಈಗ ನನಗೆ ವಾಟ್ಸಾಪಿನಲ್ಲಿ ಕೇಳುತ್ತಾರೆ: "ಮಿಸ್, ಅಲ್ಲಿ ಕೆಲಸ ಹೇಗಿರ್ತದೆ?" ಸಂಬಳ ಎಷ್ಟೆಂದು ಕೇಳುವವರಿಗೆ ಬೇರೆಯವರು ಹೇಳಲಿ. ಕೆಲಸ ಹೇಗಿರುತ್ತದೆ ಎಂದು ಕೇಳಿದವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲನೆಯ ಮಾತು: ನೀವು ಕಲಿತದ್ದನ್ನು ಕಲಿಸಲು ಯಾರೂ ಕರೆಯುವುದಿಲ್ಲ. ನನ್ನ ಎಂ.ಎ. ವಿಜಯನಗರದ ಮೇಲೆ. ನನಗೆ ಕೊಟ್ಟದ್ದು ಬ್ರಿಟನ್ನಿನ ಲಿಬರಲ್ ಪಕ್ಷದ ಏಳುಬೀಳು. ಮೇಲಿನ ತರಗತಿಯ ಹುಡುಗಿಯರಿಗೆ ಅದು ಒಂದು ಇಡೀ ಪೇಪರು. ಆ ಪಕ್ಷದ ನಾಯಕರು ಯಾರು, ಹೇಗೆ ಮೇಲೆ ಬಂದರು, ಯಾರು ಯಾರನ್ನು ಕೆಳಗಿಳಿಸಿದರು, ಉದಾರವಾದ ಎನ್ನುವುದು ಅವರ ಕೈಯಲ್ಲಿ ಹೇಗೆ ಬೆಳೆದು ಹೇಗೆ ಸೊರಗಿತು, ಇಷ್ಟು ವಿಷಯ. ಪಕ್ಷವೆಂಬುದೇ ಇಲ್ಲದ ದೇಶದಲ್ಲಿ ಕುಳಿತು, ಉಡುಪಿ ಕಡೆಯ ಕೊಂಕಣಿ ಹೆಂಗಸೊಬ್ಬಳು, ಸಿರಿಯಾ ಸುಡಾನು ಹೈದರಾಬಾದಿನ ಹುಡುಗಿಯರಿಗೆ ಇಂಗ್ಲಿಷರ ಪಕ್ಷ ಒಡೆದ ಕಥೆ ಹೇಳುವುದು. ಮೊದಲ ವರ್ಷ ಪಾಠಕ್ಕೆ ಹೋಗುವ ಮೊದಲು ಬಾತ್‌ರೂಮಿನಲ್ಲಿ ನಿಂತು ಒಂದು ಪ್ರಾರ್ಥನೆ ಹೇಳಿ ಹೋಗುತ್ತಿದ್ದೆ.

ಹೆಸರುಗಳು ಹುಡುಗಿಯರ ಬಾಯಿಗೆ ಸಿಗುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ನನ್ನ ಬಾಯಿಗೂ ಸಿಗುತ್ತಿರಲಿಲ್ಲ. ಹಾಗಾಗಿ ಅಡ್ಡಹೆಸರು ಇಟ್ಟೆವು. ನಾಲ್ಕು ಸಲ ಪ್ರಧಾನಿಯಾದ, ಬಿಡುವಿದ್ದಾಗ ಕೊಡಲಿ ಹಿಡಿದು ಮರ ಕಡಿಯುವ ಹುಚ್ಚಿದ್ದ ಮುದುಕ 'ಕೊಡಲಿ ಅಜ್ಜ'. ಐರಿಷರಿಗೆ ಸ್ವಂತ ಆಡಳಿತ ಕೊಡುತ್ತೇನೆಂದು ಹಟ ಹಿಡಿದು ಅವನು ತನ್ನ ಪಕ್ಷವನ್ನೂ ಕಡಿದು ಎರಡು ಮಾಡಿದ. ಅವನ ನಂತರದ ತಲೆಮಾರಿನಲ್ಲಿ ಒಬ್ಬ 'ಸಜ್ಜನ'. ಓದಿದವನು, ತಣ್ಣಗಿನವನು, ಸ್ವಲ್ಪ ತಾಳಿದರೆ ಎಲ್ಲವೂ ತಾನಾಗಿ ಸರಿಹೋಗುತ್ತದೆ ಎಂದು ನಂಬಿದವನು. ದೊಡ್ಡ ಯುದ್ಧದ ನಡುವೆ ಅವನದೇ ಮಂತ್ರಿ, ನಾವು 'ವೇಲ್ಸಿನ ವಕೀಲ' ಎನ್ನುತ್ತಿದ್ದವನು, ಎದುರು ಪಕ್ಷದವರ ಹೆಗಲ ಮೇಲೆ ಕೈ ಹಾಕಿ ಕುರ್ಚಿಗೆ ಬಂದ. ಪಕ್ಷ ಮತ್ತೆ ಇಬ್ಭಾಗ. ಆ ಮೇಲೆ ಅದು ಸ್ವಂತ ಬಲದಲ್ಲಿ ಏಳಲೇ ಇಲ್ಲ. ಮುಂದೊಂದು ಕಾಲಕ್ಕೆ ಪಕ್ಷದ ಸಂಸದರೆಲ್ಲ ಒಂದೇ ಟ್ಯಾಕ್ಸಿಯಲ್ಲಿ ಕೂರಬಹುದು ಎಂದು ಜನ ನಗುವಂತಾಯಿತು.

"ಸಣ್ಣ ಟ್ಯಾಕ್ಸಿಯಾ ಮಿಸ್, ಫ್ಯಾಮಿಲಿ ಟ್ಯಾಕ್ಸಿಯಾ?" ಎಂದು ಕೇಳುತ್ತಿದ್ದರು ಹುಡುಗಿಯರು. ಪ್ರತಿ ವರ್ಷವೂ ಒಬ್ಬಳು ಅದನ್ನೇ ಕೇಳುತ್ತಿದ್ದಳು, ಪ್ರತಿ ವರ್ಷವೂ ನಾನು ಹೊಸದಾಗಿ ಕೇಳಿದವಳಂತೆ ನಗುತ್ತಿದ್ದೆ. ಅದೂ ಕೆಲಸದ ಒಂದು ಭಾಗ.

ಅಡ್ಡಹೆಸರು ಒಮ್ಮೆ ಕೈಕೊಟ್ಟಿತು. ಬೋರ್ಡ್ ಪರೀಕ್ಷೆಯಲ್ಲಿ ಒಬ್ಬಳು ಮೂರು ಪುಟ ಪೂರ್ತಿ 'ಆ್ಯಕ್ಸ್ ಗ್ರ್ಯಾಂಡ್‌ಫಾದರ್' ಎಂದೇ ಬರೆದು ಬಂದಳು. ಈ ಕೇಂದ್ರದ ಅಭ್ಯರ್ಥಿಗಳು ಇತಿಹಾಸದಲ್ಲಿ ಇಲ್ಲದ ವ್ಯಕ್ತಿಗಳ ಬಗ್ಗೆ ವಿವರವಾಗಿ ಬರೆಯುತ್ತಾರೆ ಎಂಬ ಅರ್ಥದ ಟಿಪ್ಪಣಿ ಬಂತು. ಆಗಿನ ಪ್ರಿನ್ಸಿಪಾಲರು ಅದನ್ನು ನನ್ನ ಮುಂದೆ ಇಟ್ಟು ಚಹಾ ಕುಡಿದರು. ಅವರು ಬೈದಿದ್ದರೆ ಒಳ್ಳೆಯದಿತ್ತು. ಆ ಚಹಾದ ಸದ್ದು ಈಗಲೂ ಕಿವಿಯಲ್ಲಿದೆ. ಆಮೇಲೆ ಕಾಲ ತಿರುಗಿತು. ಕರಿಹಲಗೆ ಹೋಗಿ ಬೆರಳಿಟ್ಟರೆ ಬೆಳಗುವ ಹಲಗೆ ಬಂತು. ಲಾಕ್‌ಡೌನಿನಲ್ಲಿ ಮಕ್ಕಳೇ ಹೋಗಿ ಪರದೆಯ ಮೇಲೆ ಕಪ್ಪು ಚೌಕಗಳು ಉಳಿದವು. ಈಚೆಗೆ ಪ್ರಬಂಧವನ್ನು ಫೋನೇ ಬರೆದುಕೊಡಲು ಶುರುಮಾಡಿತು. ಆಗ ನನ್ನ ಹಳೆಯ ಎಡವಟ್ಟೇ ನನ್ನ ಅಸ್ತ್ರವಾಯಿತು. ಕೊಡಲಿ ಅಜ್ಜ ಇದ್ದರೆ ಹುಡುಗಿ ಬರೆದದ್ದು. ಅಜ್ಜನ ನಿಜವಾದ ಹೆಸರು, ಬಿರುದು, ಮಧ್ಯದ ಹೆಸರಿನ ಸಮೇತ ಇದ್ದರೆ ಫೋನು ಬರೆದದ್ದು.

ಇನ್ನೊಂದು ಸಲ ಮೇಲಿನ ಕಚೇರಿಯಿಂದ ತಪಾಸಣೆಗೆಂದು ಒಬ್ಬ ಮೇಡಂ ಬಂದರು. ಹಿಂದಿನ ಬೆಂಚಿನಲ್ಲಿ ಕುಳಿತು ಪೂರ್ತಿ ಪಾಠ ಕೇಳಿದರು. ಬೋರ್ಡಿನಲ್ಲಿ 'ಲಿಬರಲ್' ಎಂದು ದೊಡ್ಡದಾಗಿ ಬರೆದಿದ್ದ ನನಗೆ ಆಗಲೇ ಎಕ್ಸಿಟ್ ವೀಸಾ, ಏರ್‌ಪೋರ್ಟು, ಮಂಗಳೂರಿನಲ್ಲಿ ಕಾದು ನಿಂತ ಅತ್ತೆಯ ಮುಖ ಎಲ್ಲವೂ ಕಂಡಾಗಿತ್ತು. ಪಾಠ ಮುಗಿದ ಮೇಲೆ ಕೇಳಿದರು:

"ಈ ಪಕ್ಷ ಈಗ ಅಧಿಕಾರದಲ್ಲಿದೆಯಾ?"

"ಇಲ್ಲ ಮೇಡಂ."

"ಮುಂದೆ ಬರುತ್ತದಾ?"

"ಹೇಳಲಿಕ್ಕಾಗುವುದಿಲ್ಲ. ಸ್ವಂತ ಬಲದಲ್ಲಿ ಬಂದು ತಲೆಮಾರುಗಳೇ ಆದವು."

"ಮತ್ತೆ ಸೋತವರ ಪಾಠ ಯಾಕೆ?"

"ಪರೀಕ್ಷೆಗೆ ಬರುತ್ತದೆ ಮೇಡಂ."

ಅವರು ಸಮಾಧಾನದಿಂದ ತಲೆ ಅಲ್ಲಾಡಿಸಿ 'ಉತ್ತಮ' ಎಂದು ಗುರುತು ಹಾಕಿ ಹೋದರು. ಇಷ್ಟು ವರ್ಷದಲ್ಲಿ ನನಗೆ ಸಿಕ್ಕ ಒಂದೇ ಒಂದು ಉತ್ತಮ ಅದು. ಆ ಪ್ರಶ್ನೆಗೆ ಬೇರೆ ಉತ್ತರ ಕೊಡಬೇಕಿತ್ತು ಎಂದು ಬಹಳ ದಿನ ಅನ್ನಿಸಿತು. ಏನು ಕೊಡಬೇಕಿತ್ತು ಎಂದು ಮಾತ್ರ ಹೊಳೆದಿಲ್ಲ.

ಇನ್ನು ಜುಬೇದಕ್ಕ.

ಜುಬೇದಕ್ಕ ಭಟ್ಕಳದವರು. ನನಗಿಂತ ಮೂರು ವರ್ಷ ದೊಡ್ಡವರು. ನಮ್ಮ ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದರು. ಅವರ ಮನೆಮಾತು ನವಾಯತಿ, ನನ್ನದು ಕೊಂಕಣಿ. ನಾವಿಬ್ಬರೂ ಮಾತಾಡುವುದು ಕನ್ನಡದಲ್ಲಿ. ಗಂಡ ಇಲ್ಲೇ ಬತ್ಹಾ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದವರು, ತೀರಿಕೊಂಡಿದ್ದರು. ಮದುವೆಯಾಗಿ ಬಹಳ ವರ್ಷದ ಮೇಲೆ ಹುಟ್ಟಿದ ಒಬ್ಬಳೇ ಮಗಳು ಸಾರಾ ನಮ್ಮ ಶಾಲೆಯಲ್ಲೇ ಓದುತ್ತಿದ್ದಳು, ನನ್ನ ಇತಿಹಾಸದ ತರಗತಿಯಲ್ಲಿ. ಸಾರಾಳ ಇಕಾಮಾ ತಾಯಿಯ ಇಕಾಮಾಕ್ಕೆ ಅಂಟಿಕೊಂಡಿತ್ತು. ತಾಯಿಗೆ ಕೆಲಸ ಇರುವವರೆಗೆ ಮಗಳಿಗೆ ಈ ದೇಶ, ಈ ಶಾಲೆ.

ಹುಡುಗಿಯರ ಆ ವಿಭಾಗವನ್ನು ನಡೆಸುತ್ತಿದ್ದದ್ದು ಜುಬೇದಕ್ಕನೇ. ಹುದ್ದೆಯೇನೂ ಇರಲಿಲ್ಲ. ಟೈಮ್ ಟೇಬಲ್ ಹೊಂದಿಸುವುದು ಅವರು. ಯಾರದಾದರೂ ಮಗುವಿಗೆ ಜ್ವರ ಬಂದರೆ ಅವರ ಕ್ಲಾಸು ತೆಗೆದುಕೊಳ್ಳುವುದು ಅವರು. ಎಲ್ಲರೂ ಮನೆಯಿಂದ ಅಡುಗೆ ತರುವ ದಿನ ಭಟ್ಕಳದ ಬಿರಿಯಾನಿಯ ಪಾತ್ರೆಯ ಹಿಂದೆ ನಿಂತು ಎಲ್ಲರಿಗೂ ಬಡಿಸಿ, "ನಂದಾಯ್ತು, ನಂದಾಯ್ತು" ಎನ್ನುತ್ತಿದ್ದರು. ಕೊನೆಗೆ ಪಾತ್ರೆಯ ತಳ ಕೆರೆದುಕೊಂಡು ಒಬ್ಬರೇ ತಿನ್ನುವುದನ್ನು ನಾನು ನೋಡಿದ್ದೇನೆ.

ನಾನೂ ಅದೇ ಜಾತಿ. ಬಸ್ಸು ಹತ್ತುವಾಗ ಪ್ರತಿದಿನ ನಮ್ಮದೊಂದು ನಾಟಕ.

"ನೀನು ಹತ್ತು ಮಾರಾಯ್ತಿ."

"ಇಲ್ಲ ಜುಬೇದಕ್ಕ, ನೀವು ಮೊದಲು."

"ಎಂತಕ್ಕೆ ನಾನು? ನಿಂಗೆ ಮೊಣಕಾಲು ನೋವಲ್ವಾ?"

"ನಿಮಗೆ ಬಿಪಿ ಅಲ್ವಾ?"

ಡ್ರೈವರು ಒಳಗಿನಿಂದ "ಯಲ್ಲಾ, ಯಲ್ಲಾ!" ಎಂದು ಸ್ಟಿಯರಿಂಗ್ ಬಡಿಯುತ್ತಿದ್ದ. ಆ ಹೊತ್ತಿಗೆ ನಮ್ಮಿಬ್ಬರ ನಡುವಿನಿಂದ "ಸಾರಿ, ಲೇಡೀಸ್" ಎಂದು ನುಸುಳಿ ಹತ್ತಿ, ಮುಂದಿನ ಸೀಟಿನಲ್ಲಿ ಕೂರುತ್ತಿದ್ದವಳು ಕರೋಲ್.

ಕರೋಲ್ ಇಂಗ್ಲೆಂಡಿನಿಂದ ಆಗತಾನೆ ಬಂದಿದ್ದ ಹುಡುಗಿ. ಇಂಗ್ಲಿಷ್ ಕಲಿಸಲು ಬಂದವಳು. ಕೆಟ್ಟವಳೇನಲ್ಲ, ಅದನ್ನು ಈಗಲೇ ಹೇಳಿಬಿಡುತ್ತೇನೆ. ಕೆಟ್ಟವಳಾಗಿದ್ದರೆ ನನಗೆ ಬರೆಯುವುದು ಸುಲಭವಿತ್ತು. ಕೇಳಿದರೆ ಸಹಾಯ ಮಾಡುತ್ತಿದ್ದಳು, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನುತ್ತಿದ್ದಳು, ಬೇಕಾದ್ದನ್ನು ಬೇಕು ಎನ್ನುತ್ತಿದ್ದಳು. ನಮ್ಮಲ್ಲಿ ಸ್ಟಾಫ್ ರೂಮು ಒಂದೇ, ಚಹಾ ಒಂದೇ, ಸಂಬಳ ಮಾತ್ರ ಪಾಸ್‌ಪೋರ್ಟಿನ ಬಣ್ಣ ನೋಡಿ. ಶಾಲೆಯ ಹೊಸ ಜಾಹೀರಾತಿನಲ್ಲಿ, ಭೂಗೋಳದ ಕೋಣೆಯಲ್ಲಿ, ಜುಬೇದಕ್ಕ ವರ್ಷಗಟ್ಟಲೆ ಒರೆಸಿಟ್ಟ ಗ್ಲೋಬಿನ ಮೇಲೆ ಕೈಯಿಟ್ಟು ನಗುತ್ತಿದ್ದವಳು ಕರೋಲ್. ಅವಳು ಬಂದು ಎರಡು ತಿಂಗಳೂ ಆಗಿರಲಿಲ್ಲ. ಅದಕ್ಕೂ ಅವಳನ್ನು ಬೈಯುವಂತಿಲ್ಲ. ನಿಲ್ಲು ಎಂದರು, ನಿಂತಳು.

ಆ ವರ್ಷದ ನಡುವೆ ಹೊಸ ಮುದೀರಾ ಬಂದರು. ಸೌದಿ ಹೆಂಗಸು, ಲಂಡನ್ನಿನಲ್ಲಿ ಓದಿದವರು, ಸ್ವಂತ ಕಾರು ಓಡಿಸಿಕೊಂಡು ಬರುವವರು. ಬಾಗಿಲು ತೆರೆದೇ ಇಡುತ್ತಿದ್ದರು. ನನ್ನ ತರಗತಿಗೆ ಬಂದು ಕೊಡಲಿ ಅಜ್ಜನ ಪಾಠ ಕೇಳಿ ಚಪ್ಪಾಳೆ ತಟ್ಟಿದರು. ನನಗೆ ಅವರು ತುಂಬ ಹಿಡಿಸಿದರು. ಆ ವಾರವೇ ತಿಳಿಯಿತು: ಇತಿಹಾಸ, ಭೂಗೋಳ, ಇಂಗ್ಲಿಷು ಎಲ್ಲ ಸೇರಿಸಿ ಒಂದೇ ವಿಭಾಗ ಮಾಡುತ್ತಾರಂತೆ. ಅದಕ್ಕೊಬ್ಬರು ಮುಖ್ಯಸ್ಥೆ. ಹಳಬರಲ್ಲಿ ಮುಖ್ಯಸ್ಥೆಯಾದವರು ಉಳಿಯುತ್ತಾರೆ, ಉಳಿದ ಹಳಬರ ಕಾಂಟ್ರಾಕ್ಟು ವರ್ಷದ ಕೊನೆಗೆ ಮುಗಿದಂತೆ. ಯಾವ ಪೇಪರು ಇರಬೇಕು, ಯಾವುದು ಹೋಗಬೇಕು ಎಂದು ತೀರ್ಮಾನಿಸುವುದೂ ಆ ಮುಖ್ಯಸ್ಥೆಯೇ.

ಹಳಬರು ಎಂದರೆ ನಾನು ಮತ್ತು ಜುಬೇದಕ್ಕ. ನನಗಾದರೂ ನಮ್ಮವರ ಇಕಾಮಾ ಇತ್ತು. ಕೆಲಸ ಹೋದರೆ ಹೋಯಿತು, ಮನೆಯಲ್ಲಿ ಕೂತು ಚಿಂತೆ ಮಾಡಬಹುದು. ಜುಬೇದಕ್ಕನಿಗೆ ಹಾಗಲ್ಲ. ಸಾರಾ ಎರಡು ವರ್ಷದ ಕೋರ್ಸಿನ ಮೊದಲ ವರ್ಷದಲ್ಲಿದ್ದಳು. ತಾಯಿಯ ಕೆಲಸ ಹೋದರೆ ಮಗಳು ಅರ್ಧಕ್ಕೇ ಬಿಟ್ಟು ಊರಿಗೆ. ಅಲ್ಲಿ ಈ ಅರ್ಧ ಕೋರ್ಸಿಗೆ ಬೆಲೆ ಇಲ್ಲ, ಪಿಯುಸಿಗೆ ಮೊದಲಿನಿಂದ ಸೇರಬೇಕು. ಆ ಹುಡುಗಿಗೆ ಇತಿಹಾಸವೆಂದರೆ ಪ್ರಾಣ. ಇಂಥವಳು ಒಬ್ಬಳು ಸಿಕ್ಕಿದರೆ ಟೀಚರ್ ಆದವಳಿಗೆ ಹತ್ತು ವರ್ಷದ ಉಸಿರು ಬರುತ್ತದೆ.

"ನೀವು ಮುಖ್ಯಸ್ಥೆ ಆಗಲೇಬೇಕು" ಎಂದೆ ಜುಬೇದಕ್ಕನಿಗೆ.

"ಅದು ನಾನು ಹೇಳಿದ್ರೆ ಆಗ್ತದಾ? ಅವರು ಯಾರನ್ನ ಮಾಡ್ತಾರೋ."

ಅವರು ಯಾರನ್ನೂ ಮಾಡಲಿಲ್ಲ. ಅಲ್ಲೇ ಇರುವುದು ಹೊಸ ಕಾಲದ ಸೊಗಸು. ಮುದೀರಾ ನನ್ನನ್ನು ಕರೆದು ಕುರ್ಚಿ ತೋರಿಸಿ, ಏಲಕ್ಕಿ ಹಾಕಿದ ಕಾಫಿ ತಾವೇ ಬಗ್ಗಿಸಿಕೊಟ್ಟು ಹೇಳಿದರು: "ಲೀನಾ, ನಾಯಕರನ್ನು ಆರಿಸುವುದು ಹೇಗೆ ಎಂದು ಇಷ್ಟು ವರ್ಷ ನೀನು ಪಾಠ ಮಾಡಿದ್ದೀಯಲ್ಲ. ನಾನು ಯಾಕೆ ಮೇಲಿನಿಂದ ಹೇರಲಿ? ನೀವು ಹನ್ನೊಂದು ಜನ ಟೀಚರುಗಳು ಗುಟ್ಟಿನ ಓಟು ಹಾಕಿ ಆರಿಸಿಕೊಳ್ಳಿ. ಏರ್ಪಾಡು ನಿನ್ನದು. ನೀವು ಯಾರನ್ನು ಆರಿಸಿದರೂ ನನಗೆ ಒಪ್ಪಿಗೆ."

ನಾನು ಹಿಗ್ಗಿದೆ. ಕಾಫಿ ಮುಗಿಯುವಷ್ಟರಲ್ಲಿ ಹಿಗ್ಗು ಇಳಿದು ಚಿಂತೆ ಶುರುವಾಯಿತು. ಹಿಂದಿನ ಪ್ರಿನ್ಸಿಪಾಲರಿದ್ದಾಗ ಆಜ್ಞೆ ಬರುತ್ತಿತ್ತು, ನಾವು ಸ್ಟಾಫ್ ರೂಮಿನಲ್ಲಿ ಬಾಗಿಲು ಹಾಕಿ ಅವರನ್ನು ಬೈದು ಹಗುರಾಗುತ್ತಿದ್ದೆವು. ಈಗ ಬೈಯಲು ಯಾರೂ ಇಲ್ಲ. ಉದಾರಿಗಳ ಕೈಕೆಳಗೆ ಕೆಲಸ ಮಾಡುವ ಕಷ್ಟ ಇದು, ಬರೆದಿಟ್ಟುಕೊಳ್ಳಿ: ಅವರ ಕೈ ಯಾವತ್ತೂ ತೊಳೆದೇ ಇರುತ್ತದೆ.

ನಿಂತವರು ಇಬ್ಬರು, ಜುಬೇದಕ್ಕ ಮತ್ತು ಕರೋಲ್. ನನ್ನನ್ನು ನಿಲ್ಲಿ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಅಲ್ಲೇ ತಲೆ ತಿರುಗಿ ಬೀಳುತ್ತಿದ್ದೆ. ಕರೋಲ್ ಮೊದಲ ದಿನವೇ ಎಲ್ಲರ ಮೇಜಿನ ಹತ್ತಿರ ಹೋಗಿ, "ನನಗೆ ಈ ಕೆಲಸ ಬೇಕು, ಚೆನ್ನಾಗಿ ಮಾಡುತ್ತೇನೆ, ಓಟು ಕೊಡಿ" ಎಂದು ಕೇಳಿದಳು. ನಮ್ಮ ಮೇಜಿಗೂ ಬಂದಳು. ಜುಬೇದಕ್ಕ ಅವಳಿಗೆ ಡಬ್ಬಿಯಿಂದ ಒಂದು ಸಮೋಸಾ ಕೊಟ್ಟು, "ಗುಡ್ ಲಕ್ ಡಿಯರ್" ಎಂದರು.

"ಜುಬೇದಕ್ಕ, ನೀವೂ ಹೋಗಿ ಕೇಳಿ."

"ಎಂತ ಕೇಳೋದು? ಇವರಿಗೆ ನನ್ನ ಗೊತ್ತಿಲ್ವಾ?"

"ಗೊತ್ತಿದೆ. ಆದರೂ ಕೇಳಬೇಕು."

"ಕೇಳಿ ತಗೊಂಡದ್ದು ಕೊಟ್ಟ ಹಾಗೆ ಆಗ್ತದಾ ಮಾರಾಯ್ತಿ?"

ಹೀಗಾಗಿ ಅವರ ಪರವಾಗಿ ನಾನೇ ಹೋಗಿ ಕೇಳಿದೆ. ನನ್ನಂಥ ಪುಕ್ಕಲು ಹೆಂಗಸು ಪ್ರಚಾರ ಮಾಡಿದ್ದು ಹೇಗೆ ಎಂದು ಊಹಿಸಿಕೊಳ್ಳಿ. ಫೋಟೋಕಾಪಿ ಯಂತ್ರದ ಹತ್ತಿರ ಒಬ್ಬೊಬ್ಬರನ್ನೇ ಹಿಡಿದು, ಅದರ ಗುರ್ ಗುರ್ ಸದ್ದಿನ ಮರೆಯಲ್ಲಿ ಪಿಸುಗುಟ್ಟಿದೆ. ಆ ವಾರ ನಾನು ತೆಗೆದ ಪ್ರತಿಗಳನ್ನು ಮಕ್ಕಳು ಈಗಲೂ ಓದುತ್ತಿರಬಹುದು. ಕೊನೆಗೆ ಲೆಕ್ಕ ಸಿಕ್ಕಿತು. ಐದು ಓಟು ಕರೋಲಿಗೆ. ಆರು ನಮಗೆ. ಒಂದೇ ಓಟಿನ ಅಂತರ, ಆದರೆ ಗಟ್ಟಿ.

ಅದೇ ವಾರ ತರಗತಿಯಲ್ಲಿ ಪಾಠ ಬಂದು ನಿಂತದ್ದು ಲಿಬರಲ್ ಪಕ್ಷ ತೀರಾ ಸಣ್ಣದಾಗಿದ್ದ ಕಾಲಕ್ಕೆ. ಆಗ ಒಮ್ಮೆ ಅದರ ಸಂಸದರು ಹನ್ನೆರಡೇ ಮಂದಿ. ಅವರೇ ಓಟು ಹಾಕಿ ನಾಯಕನನ್ನು ಆರಿಸಬೇಕು, ಅವರಲ್ಲೇ ಮೂವರು ಅಭ್ಯರ್ಥಿಗಳು. ಮುಂದಿನ ಬೆಂಚಿನಿಂದ ಸಾರಾ ಕೈಯೆತ್ತಿದಳು.

"ಮಿಸ್, ಆ ಮೂರು ಜನ ತಮಗೆ ತಾವೇ ಓಟು ಹಾಕ್ಕೊಂಡ್ರಾ?"

ಹಿಂದಿನಿಂದ ಒಬ್ಬಳು "ಐಬ್!" ಎಂದಳು. ನಾಚಿಕೆಗೇಡು ಎಂಬುದಕ್ಕೆ ಇಲ್ಲಿನ ಮಾತು. ತರಗತಿಯೆಲ್ಲ ನಕ್ಕಿತು.

"ಯಾರು ಯಾರಿಗೆ ಹಾಕಿದರೆಂದು ಪುಸ್ತಕದಲ್ಲಿ ಇಲ್ಲ" ಎಂದೆ. "ಆದರೆ ಯೋಚನೆ ಮಾಡಿ. ನಾನೇ ನಾಯಕ ಆಗುತ್ತೇನೆಂದು ನಿಂತವನು ಓಟನ್ನು ಬೇರೆಯವನಿಗೆ ಹಾಕಿದರೆ, ಅವನನ್ನು ನಂಬಿ ಹಾಕಿದವರ ಗತಿ ಏನು? ತನಗೆ ತಾನು ಹಾಕಿಕೊಳ್ಳುವುದು ದುರಾಸೆಯಲ್ಲ. ನಂಬಿದವರಿಗೆ ಕೊಡುವ ಮರ್ಯಾದೆ."

ಎಷ್ಟು ಚೆನ್ನಾಗಿ ಹೇಳಿದೆನೆಂದು ನನಗೇ ಹೆಮ್ಮೆಯಾಯಿತು. ಸಾರಾ ನಕ್ಕು ತಲೆದೂಗಿದಳು. ಗಂಟೆ ಹೊಡೆಯಿತು.

ಓಟಿನ ದಿನ ಮರಳುಗಾಳಿ ಇರಲಿಲ್ಲ. ಬಸ್ಸು ಹೊತ್ತಿಗೆ ಮೊದಲೇ ಬಂತು. ಮುದೀರಾ ಮನಸ್ಸು ಬದಲಿಸಲಿಲ್ಲ. ಟಿಶ್ಯೂ ಡಬ್ಬಿ ಇಟ್ಟಲ್ಲೇ ಇತ್ತು, ಏಸಿಯನ್ನು ನಾನೇ ಆರಿಸಿದ್ದೆ, ಎಲ್ಲರೂ ಬೆವರಿದರು, ಯಾರೂ ಜಗಳವಾಡಲಿಲ್ಲ. ಹನ್ನೊಂದು ಚೀಟಿ ಬಿದ್ದವು. ಮುದೀರಾ ಒಂದೊಂದಾಗಿ ಬಿಡಿಸಿ ಗಟ್ಟಿಯಾಗಿ ಓದಿದರು. ಜುಬೇದಾ, ಕರೋಲ್, ಕರೋಲ್, ಜುಬೇದಾ. ನಾನು ಮೇಜಿನ ಕೆಳಗೆ ಬೆರಳು ಮಡಚುತ್ತಿದ್ದೆ. ಕೊನೆಯ ಚೀಟಿ ಓದುವಾಗ ಎರಡೂ ಕಡೆ ಐದೈದು.

"ಕರೋಲ್."

ಕರೋಲ್ ಕುರ್ಚಿಯಿಂದ ಜಿಗಿದಳು. ಜುಬೇದಕ್ಕ ಎಲ್ಲರಿಗಿಂತ ಮೊದಲು ಎದ್ದು ಹೋಗಿ ಅವಳನ್ನು ಅಪ್ಪಿಕೊಂಡರು. ಮುದೀರಾ ನನ್ನ ಭುಜ ತಟ್ಟಿ, ಎಷ್ಟು ಅಚ್ಚುಕಟ್ಟಾಗಿ ನಡೆಸಿದೆ ಎಂದರು.

ಮುಂದಿನದನ್ನು ಬೇಗ ಹೇಳಿ ಮುಗಿಸುತ್ತೇನೆ. ಜುಬೇದಕ್ಕನ ಕಾಂಟ್ರಾಕ್ಟು ವರ್ಷದ ಕೊನೆಗೆ ಮುಗಿಯಿತು. ಬೇರೆ ಶಾಲೆಗಳಿಗೆ ಅರ್ಜಿ ಹಾಕಿದರು. ದೂರದ ಹಫ್ರ್ ಅಲ್ ಬಾತಿನ್‌ನ ಒಂದು ಶಾಲೆಯವರು ಕರೆದು, ವಯಸ್ಸು ಕೇಳಿ ಫೋನಿಟ್ಟರು. ತಾಯಿ ಮಗಳು ಹೊರಟರು. ಏರ್‌ಪೋರ್ಟಿಗೆ ನಾವು ಹೋಗಿದ್ದೆವು. ಸಾರಾ ಅಳಲಿಲ್ಲ, ಅವಳ ಇತಿಹಾಸದ ಪುಸ್ತಕವನ್ನು ನನಗೆ ವಾಪಸು ಕೊಟ್ಟಳು. ಭಟ್ಕಳದಲ್ಲಿ ಪಿಯುಸಿಗೆ ಮೊದಲಿನಿಂದ ಸೇರಿದಳು. ಕಾಮರ್ಸ್. ಇತಿಹಾಸ ತೆಗೆದುಕೊಂಡು ಎಂತ ಮಾಡಲಿಕ್ಕಿದೆ ಎಂದು ಚಿಕ್ಕಪ್ಪಂದಿರು ಹೇಳಿದರಂತೆ. ಕರೋಲ್ ನನ್ನ ಲಿಬರಲ್ ಪೇಪರನ್ನು ತೆಗೆದು ಬಿಸಿನೆಸ್ ಸ್ಟಡೀಸ್ ಹಾಕಿದಳು. ಹಾಕುವ ಮೊದಲು ನನ್ನನ್ನು ಕರೆದು, ಕಾರಣ ವಿವರಿಸಿ, ಕ್ಷಮೆಯನ್ನೂ ಕೇಳಿದಳು. ಮರುವರ್ಷ ಅವಳಿಗೆ ದುಬೈಯಲ್ಲಿ ಇದಕ್ಕಿಂತ ದೊಡ್ಡದು ಸಿಕ್ಕಿತು, ಹೋದಳು. ಆ ಕುರ್ಚಿ ಆಮೇಲೆ ಕೆಲವು ಕಾಲ ಖಾಲಿಯೇ ಇತ್ತು. ನನ್ನ ಇಮೇಲು ಜುಬೇದಕ್ಕ ಹೊರಡುವ ಮೊದಲೇ ಬಂದಿತ್ತು.

ಈಗ ಒಮ್ಮೊಮ್ಮೆ ಮೆಟ್ರೋದಲ್ಲಿ ಆ ಶಾಲೆಯ ದಿಕ್ಕಿಗೆ ಸುಮ್ಮನೆ ಹೋಗಿ ಬರುತ್ತೇನೆ. ಬಾಗಿಲು ತೆರೆದಾಗ ಯಾರೂ ಯಾರಿಗೂ ನೀವು ಮೊದಲು ಎನ್ನುವುದಿಲ್ಲ. ಅಷ್ಟು ಸಮಯ ಅದು ತೆರೆದಿರುವುದೂ ಇಲ್ಲ.

ಆ ದಿನ ನಿಜಕ್ಕೂ ಕೆಟ್ಟದ್ದು ಯಾವುದು ಎಂದು ಇನ್ನೂ ಹೇಳಲಿಲ್ಲ. ಅದು ನನಗೆ ಗೊತ್ತಾದದ್ದು ಓಟಿನ ದಿನವೇ, ಮಧ್ಯಾಹ್ನ ಮನೆಗೆ ಮರಳುವ ಬಸ್ಸಿನಲ್ಲಿ. ಜುಬೇದಕ್ಕ ನನ್ನ ಪಕ್ಕ, ಸಾರಾ ನಮ್ಮ ಹಿಂದಿನ ಸೀಟಿನಲ್ಲಿ ಕಿವಿಗೆ ಇಯರ್‌ಫೋನ್ ಹಾಕಿಕೊಂಡು. ನಾನು ಕುದಿಯುತ್ತಿದ್ದೆ.

"ಯಾರೋ ಒಬ್ಬಳು ಕೈಕೊಟ್ಟಳು ಜುಬೇದಕ್ಕ. ನನ್ನ ಮುಖ ನೋಡಿ ಹೂಂ ಎಂದು ಹೇಳಿ ಒಳಗೆ ಹೋಗಿ ಕರೋಲ್ ಹೆಸರು ಬರೆದಿದ್ದಾಳೆ. ಆ ಈಜಿಪ್ಟಿನವಳೇ ಇರಬೇಕು. ಇಲ್ಲದಿದ್ದರೆ ಆ ಲಾಹೋರಿನವಳು. ನಾಳೆ ಕೇಳದೆ ಬಿಡುವುದಿ‌ಲ್ಲ."

"ಯಾರನ್ನೂ ಬೈಬೇಡ ಮಾರಾಯ್ತಿ. ಪಾಪ ಬರ್ತದೆ."

"ಬರಲಿ! ಆರು ಓಟು ನನ್ನ ಬೆರಳಲ್ಲಿತ್ತು."

"ಯಾರ್ಯಾರದ್ದು?"

ಹೆಸರು ಹೇಳುತ್ತ ಬೆರಳು ಮಡಚಿದೆ. ನಾಲ್ಕು ಹೆಸರು. "ಐದನೆಯದು ನಾನು. ಆರನೆಯದು ನಿಮ್ಮದು."

ಜುಬೇದಕ್ಕ ಅಬಾಯದ ತೋಳನ್ನು ಮಣಿಕಟ್ಟಿಗೆ ಎಳೆದುಕೊಂಡರು. ಕಿಟಕಿಯ ಹೊರಗೆ ನೋಡಿದರು.

"ನಂದು ಎಂತಕ್ಕೆ ಎಣಿಸಿದ್ದು ನೀನು?"

ಮಡಚಿದ್ದ ಆರನೆಯ ಬೆರಳನ್ನು ಬಿಚ್ಚಿದೆ.

"ತನ್ನ ಹೆಸರು ತಾನೇ ಬರೆಯೋದಾ?" ಎಂದರು. ಅವರ ದನಿಯಲ್ಲಿ ದುಃಖಕ್ಕಿಂತ ಹೆಚ್ಚಾಗಿ ಸಂಕೋಚವಿತ್ತು, ನಾನೇನೋ ಹೇಳಬಾರದ ಮಾತು ಹೇಳಿದ ಹಾಗೆ. "ಮುದೀರಾ ಬಿಡಿಸಿ ನೋಡ್ತಾರೆ, ನನ್ನ ಅಕ್ಷರ ಅವರಿಗೆ ಗೊತ್ತು. ಎಂತ ತಿಳ್ಕೊಳ್ತಾರೆ? ಆ ಹುಡುಗಿ ಬೇರೆ ದೂರದಿಂದ ಬಂದದ್ದು. ಅವಳಿಗೂ ಒಂದು ಇರಲಿ ಅಂತ ಅವಳ ಹೆಸರು ಬರ್ದೆ."

ಹಿಂದಿನ ಸೀಟಿನಲ್ಲಿ ಸಾರಾ ಒಂದು ಕಿವಿಯ ಇಯರ್‌ಫೋನ್ ತೆಗೆದಿದ್ದಳು. ಯಾವಾಗ ತೆಗೆದಳೋ ಗೊತ್ತಿಲ್ಲ. ಅವಳು ತಾಯಿಯನ್ನು ನೋಡಲಿಲ್ಲ. ನನ್ನನ್ನೇ ನೋಡಿದಳು.

"ಮಿಸ್, ನಮಗೆ ಹೇಳಿದ್ದು ಮಮ್ಮಿಗೆ ಹೇಳಿರ್ಲಿಲ್ವಾ?"

ಹೇಳಿರಲಿಲ್ಲ. ಮರಳುಗಾಳಿಯ ಬಗ್ಗೆ ಹೇಳಿದ್ದೆ, ಬಿಪಿ ಮಾತ್ರೆಯ ಬಗ್ಗೆ ಹೇಳಿದ್ದೆ, ಟಿಶ್ಯೂ ಡಬ್ಬಿಯನ್ನು ಕಣ್ಣಳತೆಯಲ್ಲೇ ಇಟ್ಟುಕೊಳ್ಳಿ ಎಂದಿದ್ದೆ. ಇದು ನನಗೆ ಹೊಳೆಯಲೇ ಇಲ್ಲ. ಹೊಳೆಯುವುದಾದರೂ ಹೇಗೆ? ಅವರ ಜಾಗದಲ್ಲಿ ನಾನು ನಿಂತಿದ್ದರೆ ಆ ಚೀಟಿಯಲ್ಲಿ ಯಾರ ಹೆಸರು ಬರೆಯುತ್ತಿದ್ದೆ ಎಂದು ನನಗೆ ಚೆನ್ನಾಗಿ ಗೊತ್ತು.